ಮೆಜುಜಾ ಬರೆಯುವ ಬಗೆ: ತೊಗಲಿನಿಂದ ಬಾಗಿಲಿನವರೆಗೆ

ಯೆಹೂದಿ ಮನೆಯೊಳಗೆ ಕಾಲಿಡುವಾಗ ಬಲಗಡೆಯ ಬಾಗಿಲುಪಟ್ಟಿಯ ಮೇಲೆ ಬೆರಳುದ್ದದ ಒಂದು ಡಬ್ಬಿ ಕಾಣುತ್ತದೆ. ಮನೆಯವರು ಹೋಗುತ್ತಾ ಬರುತ್ತಾ ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುತ್ತಾರೆ. ಇಸ್ರೇಲ್‌ನಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿರುವ ಮಂಗಳೂರು, ಉಡುಪಿ ಕಡೆಯವರಿಗೆ ಇದು ದಿನವೂ ಕಣ್ಣಿಗೆ ಬೀಳುವ ವಸ್ತು. ಆದರೆ ಮೆಜುಜಾ ಎಂದರೆ ಆ ಡಬ್ಬಿಯಲ್ಲ, ಒಳಗೆ ಸುರುಳಿ ಸುತ್ತಿಟ್ಟಿರುವ ತೊಗಲಿನ ಹಾಳೆ. ಅದರಲ್ಲಿ ಬೈಬಲ್ಲಿನ ಐದನೇ ಪುಸ್ತಕವಾದ ಧರ್ಮೋಪದೇಶಕಾಂಡದ ಎರಡು ಭಾಗಗಳಿವೆ: 6ನೇ ಅಧ್ಯಾಯದ 4ರಿಂದ 9ನೇ ವಚನ, 11ನೇ ಅಧ್ಯಾಯದ 13ರಿಂದ 21ನೇ ವಚನ. ಒಟ್ಟು 22 ಸಾಲು, 713 ಅಕ್ಷರ. ಇವುಗಳಲ್ಲಿ ಒಂದೇ ಒಂದು ಅಕ್ಷರ ಕೆಟ್ಟರೂ ಇಡೀ ಹಾಳೆ ಅನರ್ಹ.

ಯೆಹೂದಿ ಧರ್ಮಗ್ರಂಥವಾದ ತೋರಾದ ಸುರುಳಿ, ತೋಳಿಗೂ ತಲೆಗೂ ಕಟ್ಟುವ ಪೆಟ್ಟಿಗೆಯಾದ ತೆಫಿಲಿನ್, ಮೆಜುಜಾ ಈ ಮೂರನ್ನೂ ಬರೆಯುವವನು ಸೋಫೆರ್ ಎಂಬ ಲಿಪಿಕಾರ. ಕೈಬರಹ ಚೆನ್ನಾಗಿದ್ದರೆ ಮಾತ್ರ ಸಾಲದು, ಈ ಕೆಲಸದ ಕಾನೂನುಗಳನ್ನು ಕಲಿತು ಪರೀಕ್ಷೆ ಕೊಟ್ಟಿರಬೇಕು. ಸಂಪ್ರದಾಯಸ್ಥ ಪಂಥದಲ್ಲಿ ವಯಸ್ಕ ಯೆಹೂದಿ ಗಂಡಸು, ಅದರಲ್ಲೂ ತೆಫಿಲಿನ್ ಕಟ್ಟುವ, ಮೆಜುಜಾ ಹಾಕುವ ಧರ್ಮಾಜ್ಞೆಗಳನ್ನು ತಾನೇ ಪಾಲಿಸುವವನು, ಬರೆದದ್ದಕ್ಕೆ ಮಾತ್ರ ಮಾನ್ಯತೆ. ಉದಾರವಾದಿ ಪಂಥಗಳಲ್ಲಿ ಈ ಶತಮಾನದ ಮೊದಲ ದಶಕದಿಂದ ಹೆಂಗಸರೂ ಬರೆಯುತ್ತಿದ್ದಾರೆ. ಹಾಗಾಗಿ ಇಲ್ಲಿರುವ ಹಂತಗಳು ಓದುಗರು ಮನೆಯಲ್ಲಿ ಕೂತು ಮಾಡಲಿ ಎಂದು ಬರೆದವಲ್ಲ. ಮೆಜುಜಾ ಕೊಳ್ಳುವವರು, ಅದಿರುವ ಮನೆಯಲ್ಲಿ ಕೆಲಸ ಮಾಡುವವರು, ಮ್ಯೂಸಿಯಂನಲ್ಲಿ ಗಾಜಿನಾಚೆ ಅದನ್ನು ನೋಡುವವರು ಏನನ್ನು ಗಮನಿಸಬೇಕು, ಎಲ್ಲಿ ಕೆಡುತ್ತದೆ, ಏಕೆ ಕೆಡುತ್ತದೆ ಎಂಬುದು ತಿಳಿಯಲಿ ಎಂದು.

ಒಂದು ಮಾತನ್ನು ಮೊದಲೇ ಹೇಳಬೇಕು. ಅಕ್ಷರ ಸರಿಯಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಬಹುದು. ಬರೆಯುವ ಹೊತ್ತಿನಲ್ಲಿ ಬರೆದವನ ಮನಸ್ಸು ಎಲ್ಲಿತ್ತು ಎಂಬುದನ್ನು ಯಾವ ಗಾಜೂ ತೋರಿಸುವುದಿಲ್ಲ. ಆದರೆ ಯೆಹೂದಿ ಕಾನೂನಿನ ಪ್ರಕಾರ ಆ ಮನಸ್ಸೇ ವಸ್ತುವಿನ ಅರ್ಧಭಾಗ. ಲಿಶ್ಮಾ ಎಂದು ಕರೆಯುವ ಈ ಸಂಕಲ್ಪ ಇಲ್ಲದೆ ಬರೆದರೆ, ಅಕ್ಷರ ಮುತ್ತಿನಂತಿದ್ದರೂ ಅದು ಬರೀ ತೊಗಲು, ಬರೀ ಶಾಯಿ. ಕೆಳಗಿನ ಎಷ್ಟೋ ನಿಯಮಗಳು ಮೊದಲ ನೋಟಕ್ಕೆ ಅತಿ ಅನ್ನಿಸುತ್ತವೆ. ಕಣ್ಣಿಗೆ ಕಾಣದ ಆ ಅರ್ಧವನ್ನು ಕಾಪಾಡಲು ಅವು ಹುಟ್ಟಿಕೊಂಡಿವೆ ಎಂದು ತಿಳಿದ ಮೇಲೆ ಒಂದೊಂದೂ ತನ್ನ ಜಾಗದಲ್ಲಿ ಕೂರುತ್ತದೆ.

ತೊಗಲು

ಹಾಳೆಗೆ ಬಳಸುವ ತೊಗಲು ತಿನ್ನಲು ಅನುಮತಿಯಿರುವ ಪ್ರಾಣಿಯದ್ದಾಗಿರಬೇಕು: ಹಸು, ಕರು, ಆಡು, ಕುರಿ, ಜಿಂಕೆ. ಪ್ರಾಣಿಯನ್ನು ವಿಧಿಪ್ರಕಾರ ಕೊಯ್ದಿರಬೇಕು ಎಂಬ ನಿಯಮ ಇಲ್ಲಿಲ್ಲ, ತಾನಾಗಿ ಸತ್ತ ಹಸುವಿನ ತೊಗಲೂ ಆಗುತ್ತದೆ. ಮೀನಿನ ಚರ್ಮ ಮಾತ್ರ ಕೂಡದು.

ಸಂಕಲ್ಪ ಶುರುವಾಗುವುದು ಇಲ್ಲಿ, ಲೇಖನಿ ಹಿಡಿಯುವುದಕ್ಕೆ ಎಷ್ಟೋ ದಿನ ಮೊದಲು. ತೊಗಲನ್ನು ಸುಣ್ಣದ ನೀರಿಗೆ ಇಳಿಸುವ ಹೊತ್ತಿನಲ್ಲಿ, ಇದನ್ನು ಪವಿತ್ರ ಬರಹಕ್ಕಾಗಿ ಹದ ಮಾಡುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಬೇಕು. ಯಾವುದಕ್ಕಾಗಿ ಎಂಬುದೂ ಮುಖ್ಯ. ಪಾವಿತ್ರ್ಯದಲ್ಲಿ ಮೆಟ್ಟಿಲುಗಳಿವೆ: ತೋರಾ ಸುರುಳಿ ಮತ್ತು ತೆಫಿಲಿನ್ ಮೇಲೆ, ಮೆಜುಜಾ ಕೆಳಗೆ. ಮೆಜುಜಾಕ್ಕೆಂದು ಹದ ಮಾಡಿದ ತೊಗಲಿನಲ್ಲಿ ತೆಫಿಲಿನ್ ಬರೆಯುವಂತಿಲ್ಲ. ಆದ್ದರಿಂದ ಜಾಣ ಕುಶಲಕರ್ಮಿ ತೋರಾದ ಹೆಸರಿನಲ್ಲೇ ಸಂಕಲ್ಪ ಮಾಡಿ, ಬೇಕಾದರೆ ಕೆಳಗಿನದಕ್ಕೂ ಬಳಸಬಹುದು ಎಂಬ ಷರತ್ತನ್ನು ಅದರೊಂದಿಗೇ ಸೇರಿಸಿ ಹೇಳುತ್ತಾನೆ. ಹದ ಮಾಡುವ ಶ್ರಮದ ಕೆಲಸದಲ್ಲಿ ಯೆಹೂದಿಯಲ್ಲದವರು ಕೈಜೋಡಿಸಬಹುದೇ? 12ನೇ ಶತಮಾನದ ಧರ್ಮಪಂಡಿತ ಮೈಮೊನಿಡೀಸ್ ಕೂಡದು ಎಂದ. ನಂತರ ಬಂದ ಅಶೆರ್ ಬೆನ್ ಯೆಹಿಯೆಲ್, ಯೆಹೂದಿಯೊಬ್ಬ ಪಕ್ಕದಲ್ಲಿ ನಿಂತು ಹೇಳಿಕೊಡುತ್ತಾ ತಾನೂ ಸ್ವಲ್ಪ ಕೈಹಾಕಿದರೆ ಆಗಬಹುದು ಎಂದ. ರೂಢಿ ಎರಡನೆಯದರ ಕಡೆಗೇ ವಾಲಿದೆ, ಆದರೂ ಎಚ್ಚರದ ತಯಾರಕರು ಸುಣ್ಣಕ್ಕೆ ಇಳಿಸುವ ಮೊದಲ ಕೆಲಸವನ್ನು ಬೇರೆಯವರಿಗೆ ಬಿಡುವುದಿಲ್ಲ.

ಸುಣ್ಣದಲ್ಲಿ ಎಷ್ಟು ದಿನ ಎಂಬುದಕ್ಕೆ ಗುರುತು ಒಂದೇ, ಕೂದಲು ತಾನಾಗಿ ಕಳಚಿಕೊಳ್ಳಬೇಕು. ಚಳಿಯಲ್ಲಿ ಹೆಚ್ಚು ದಿನ ಹಿಡಿಯುತ್ತದೆ, ಬಿಸಿಲುಗಾಲದಲ್ಲಿ ಕಡಿಮೆ. ಆಮೇಲೆ ತೊಳೆದು, ಮರದ ಚೌಕಟ್ಟಿಗೆ ನಾಲ್ಕೂ ಕಡೆಯಿಂದ ಎಳೆದು ಕಟ್ಟಿ, ಅರ್ಧಚಂದ್ರದ ಬಾಗಿದ ಕತ್ತಿಯಿಂದ ಎರಡೂ ಮೈ ಹೆರೆದು, ಬಿಗಿತದಲ್ಲೇ ಒಣಗಿಸಿ, ಉಜ್ಜುಕಾಗದ ಹಾಕಿ ನಯ ಮಾಡುತ್ತಾರೆ. ಎಳೆದು ಕಟ್ಟುವುದನ್ನು ಬಿಟ್ಟರೆ ನಾರುಗಳು ಅಡ್ಡಾದಿಡ್ಡಿ ಕುಗ್ಗಿ ತೊಗಲು ಸೆಟೆದುಕೊಳ್ಳುತ್ತದೆ, ಬರೆಯಲು ಬರುವುದಿಲ್ಲ. ಯೆಹೂದಿ ಕಾನೂನಿನ ಪ್ರಾಚೀನ ಗ್ರಂಥವಾದ ತಾಲ್ಮುದ್‌ನ ಕಾಲದಲ್ಲಿ ಹದಕ್ಕೆ ಬಳಸುತ್ತಿದ್ದದ್ದು ಮಾಚಿಕಾಯಿ. ಅದರ ಜಾಗಕ್ಕೆ ಸುಣ್ಣ ಬಂದದ್ದನ್ನು 12ನೇ ಶತಮಾನದ ಫ್ರಾನ್ಸಿನ ಪಂಡಿತ ರಬ್ಬೇನು ತಾಮ್ ಸಮರ್ಥಿಸಿಕೊಟ್ಟ. ಹೀಗೆ ಸಿದ್ಧವಾದ ಹಾಳೆಗೆ ಕ್ಲಾಫ್ ಎಂದು ಹೆಸರು. ಬರೆಯುವುದು ಮಾಂಸದ ಕಡೆಯ ಮೈಮೇಲೆ.

ಕೆಲವರು ಹಾಳೆಗೆ ಬಿಳಿ ಸುಣ್ಣದ ಲೇಪ ಬಳಿದು ಹೊಳಪು ಕೊಡುತ್ತಾರೆ. ನೋಡಲು ಚೆಂದ, ಬರೆಯಲು ಸಲೀಸು. ಆದರೆ ಆಗ ಶಾಯಿ ಕೂರುವುದು ತೊಗಲಿನ ಮೇಲಲ್ಲ, ಲೇಪದ ಮೇಲೆ. ಹಾಳೆ ಸುತ್ತಿ ಬಿಚ್ಚುವಾಗ ಲೇಪ ಬಿರಿದರೆ ಅಕ್ಷರವೂ ಅದರೊಂದಿಗೇ ಎದ್ದುಹೋಗುತ್ತದೆ. ಲೇಪವಿಲ್ಲದ, ತುಸು ಹಳದಿ ಬಣ್ಣದ, ಮುಟ್ಟಿದರೆ ಚೂರು ತರಿತರಿ ಅನ್ನಿಸುವ ಹಾಳೆಯೇ ವಾಸಿ.

ಶಾಯಿ, ಲೇಖನಿ, ಗೆರೆ

ಶಾಯಿಯ ಸಾಮಾನುಗಳು ನಮ್ಮ ಗ್ರಂದಿಗೆ ಅಂಗಡಿಯಲ್ಲಿ ಸಿಗುವಂಥವೇ: ಮಾಚಿಕಾಯಿ, ಅನ್ನಭೇದಿ ಅಥವಾ ಮೈಲುತುತ್ತ, ಜಾಲಿ ಜಾತಿಯ ಗೋಂದು, ನೀರು. ಮಾಚಿಕಾಯಿ ಕುಟ್ಟಿ, ನೆನೆಸಿ, ಕುದಿಸಿ, ಸೋಸಿದ ಕಷಾಯಕ್ಕೆ ಉಳಿದವನ್ನು ಬೆರೆಸುತ್ತಾರೆ. ಬರೆದಾಗ ಮಸುಕಾಗಿದ್ದ ಶಾಯಿ ಗಾಳಿಗೆ ಕಪ್ಪೇರುತ್ತದೆ. ಅನ್ನಭೇದಿ ಜಾಸ್ತಿಯಾದರೆ ವರ್ಷಗಳು ಕಳೆದಂತೆ ಅಕ್ಷರ ಕಂದುಬಣ್ಣಕ್ಕೆ ತಿರುಗುತ್ತದೆ, ತೊಗಲನ್ನೂ ತಿನ್ನುತ್ತದೆ. ಕಪ್ಪಲ್ಲದ ಅಕ್ಷರ ಅನರ್ಹ. ಗೋಂದು ಕಡಿಮೆಯಾದರೆ ಶಾಯಿ ಹರಡುತ್ತದೆ, ಜಾಸ್ತಿಯಾದರೆ ಮಿರುಗುತ್ತದೆ, ಒಣಗಿದ ಮೇಲೆ ಸಿಪ್ಪೆಯೇಳುತ್ತದೆ.

ಲೇಖನಿ ಯೂರೋಪಿನ ಅಶ್ಕೆನಾಜಿ ಸಂಪ್ರದಾಯದಲ್ಲಿ ಹೆಬ್ಬಾತು ಅಥವಾ ಟರ್ಕಿ ಕೋಳಿಯ ಗರಿ, ಸ್ಪೇನ್ ಮತ್ತು ಅರಬ್ ನಾಡುಗಳ ಸೆಫಾರ್ದಿಗಳಲ್ಲಿ ಜೊಂಡಿನ ಲೆಕ್ಕಣಿಕೆ. ತುದಿಯನ್ನು ಓರೆಯಾಗಿ ಕೊಯ್ದು, ನಡುವೆ ಸೀಳಿ, ಅಕ್ಷರದ ಗೆರೆ ಎಷ್ಟು ದಪ್ಪವಿರಬೇಕೋ ಅಷ್ಟೇ ಅಗಲಕ್ಕೆ ಚಪ್ಪಟೆ ಕತ್ತರಿಸುತ್ತಾರೆ. ಕಬ್ಬಿಣದ ಮುಳ್ಳು ಬಳಸುವುದಿಲ್ಲ. ಕಬ್ಬಿಣ ಆಯುಧದ ಲೋಹ, ಆಯುಸ್ಸು ಕುಗ್ಗಿಸುವಂಥದ್ದು. ಜೀವ ಉದ್ದ ಮಾಡುವ ಮಾತುಗಳಿಗೆ ಅದು ತಕ್ಕದ್ದಲ್ಲ ಎಂಬುದು ಒಂದು ಕಾರಣ, ತೊಗಲನ್ನು ಅದು ಗೀರುತ್ತದೆ ಎಂಬುದು ಇನ್ನೊಂದು.

ಬರೆಯುವ ಮುಂಚೆ ಮೊಂಡು ಮೊನೆಯ ಕಡ್ಡಿಯಿಂದ ಹಾಳೆಯ ಮೇಲೆ ಒತ್ತುಗೆರೆ ಎಳೆಯಬೇಕು. ಪೆನ್ಸಿಲ್ ಗುರುತು ಆಗದು, ಬರೀ ಒತ್ತು. 10 ಸೆಂ.ಮೀ. ಹಾಳೆಯಲ್ಲಿ 22 ಸಾಲು ಹಿಡಿಸಲು ಗೆರೆಯಿಂದ ಗೆರೆಗೆ ಸುಮಾರು 4 ಮಿ.ಮೀ. ಬರುತ್ತದೆ. ಅಕ್ಷರಗಳು ದೇವನಾಗರಿಯ ಹಾಗೆ ಗೆರೆಗೆ ಜೋತುಬೀಳುತ್ತವೆ, ಗೆರೆಯ ಮೇಲೆ ಕೂರುವುದಿಲ್ಲ. ತೆಫಿಲಿನ್‌ಗೆ ಮೊದಲ ಸಾಲಿನ ಗೆರೆಯಿದ್ದರೂ ನಡೆಯುತ್ತದೆ. ಮೆಜುಜಾದಲ್ಲಿ ಪ್ರತಿ ಸಾಲಿಗೂ ಗೆರೆ ಬೇಕು, ಇಲ್ಲದಿದ್ದರೆ ಬರೆದದ್ದೆಲ್ಲ ವ್ಯರ್ಥ. ಮೇಲೂ ಕೆಳಗೂ ಅರ್ಧ ಉಗುರಿನಷ್ಟಾದರೂ ಖಾಲಿ ಬಿಡಬೇಕು. ಸಾಲುಗಳ ಉದ್ದವನ್ನು ಕ್ರಮವಾಗಿ ಕುಗ್ಗಿಸಿ ಬಾಲದಂತೆ ಮಾಡುವುದು, ದುಂಡಗೆ ಜೋಡಿಸುವುದು ಇಂಥ ಅಲಂಕಾರ ಮಾಡಿದರೂ ಅನರ್ಹ.

ಬರೆಯುವ ಹೊತ್ತು

ಅನೇಕ ಸೋಫೆರ್‌ಗಳು ಬೆಳಿಗ್ಗೆ ಮಿಕ್ವೆ ಎಂಬ ಶುದ್ಧಿಕೊಳದಲ್ಲಿ ಮುಳುಗೆದ್ದು ಬಂದು ಕೂರುತ್ತಾರೆ. ಮೊದಲು ಲೇಖನಿ ಪರೀಕ್ಷೆ: ಬೇರೊಂದು ತುಂಡಿನ ಮೇಲೆ ಇಸ್ರಾಯೇಲರ ಹಳೆಯ ವೈರಿ ಅಮಾಲೇಕನ ಹೆಸರು ಬರೆದು, ಅದನ್ನು ಗೀಚಿ ಅಳಿಸುತ್ತಾರೆ. ಅವನ ನೆನಪನ್ನು ಅಳಿಸಿಬಿಡು ಎಂಬ ಆಜ್ಞೆಯನ್ನೂ ಹೀಗೆ ನಡೆಸಿದಂತಾಯಿತು, ಶಾಯಿ ಹೇಗೆ ಇಳಿಯುತ್ತದೆ ಎಂಬುದೂ ಗೊತ್ತಾಯಿತು.

ನಂತರ ಬಾಯಿಬಿಟ್ಟು, “ಮೆಜುಜಾದ ಪಾವಿತ್ರ್ಯಕ್ಕಾಗಿ ಬರೆಯುತ್ತಿದ್ದೇನೆ” ಎಂದು ಹೇಳಬೇಕು. ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು. ಈ ಒಂದು ಮಾತು ಇಡೀ ಹಾಳೆಗೆ ಸಲ್ಲುತ್ತದೆ, ಆದರೆ ದೇವರ ನಾಮಗಳಿಗೆ ಸಲ್ಲುವುದಿಲ್ಲ. ಮೆಜುಜಾದಲ್ಲಿ ಅಂಥ ನಾಮಗಳು 10. ಒಂದೊಂದರ ಮುಂದೆಯೂ ನಿಂತು, “ನಾಮದ ಪಾವಿತ್ರ್ಯಕ್ಕಾಗಿ” ಎಂದು ಮತ್ತೆ ಹೇಳಿ ಬರೆಯಬೇಕು. ಅದೇ ಪಠ್ಯದಲ್ಲಿ ‘ಅನ್ಯ ದೇವರುಗಳು’ ಎಂಬ ಮಾತೂ ಬರುತ್ತದೆ. ಅಲ್ಲಿನ ಪದ ನಾಮದಂತೆಯೇ ಕಂಡರೂ ಪವಿತ್ರವಲ್ಲ, ಅಲ್ಲಿ ಸಂಕಲ್ಪ ಹೇಳಕೂಡದು. ಕೈ ಅಭ್ಯಾಸಬಲದಿಂದ ಓಡುತ್ತಿದ್ದರೆ ಇಲ್ಲಿ ಎಡವುವುದು ಖಂಡಿತ.

ಪ್ರತಿ ಪದವನ್ನೂ ಮಾದರಿ ಹಾಳೆ ನೋಡಿ, ಬಾಯಲ್ಲಿ ಉಚ್ಚರಿಸಿ, ಆಮೇಲೆ ಬರೆಯುತ್ತಾರೆ. ಶಾಯಿಯಲ್ಲಿ ಅದ್ದಿದ ಲೇಖನಿಯನ್ನು ನೇರವಾಗಿ ನಾಮದ ಮೇಲೆ ಇಡುವುದಿಲ್ಲ. ಹನಿ ತೊಟ್ಟಿಕ್ಕಿದರೆ, ಗರಿಯ ಎಳೆ ಸಿಕ್ಕಿಕೊಂಡಿದ್ದರೆ ನಾಮವೇ ಕೆಡುತ್ತದೆ. ಹಾಗಾಗಿ ಹಿಂದಿನ ಪದದ ಒಂದು ಅಕ್ಷರವನ್ನು ಬಾಕಿ ಉಳಿಸಿಕೊಂಡು, ಅದ್ದಿದ ಮೇಲೆ ಅದನ್ನು ಮುಗಿಸಿ, ಶಾಯಿ ಸರಿಯಾಗಿ ಇಳಿಯುತ್ತಿದೆ ಎಂದು ಕಂಡುಕೊಂಡು ನಾಮಕ್ಕೆ ಬರುತ್ತಾರೆ. ನಾಮದ ಮಧ್ಯೆ ರಾಜನೇ ಬಂದು ಕ್ಷೇಮ ಕೇಳಿದರೂ ಉತ್ತರ ಕೊಡುವಂತಿಲ್ಲ. ಎರಡು ಮೂರು ನಾಮಗಳು ಸಾಲಾಗಿ ಬಂದರೆ ಒಂದನ್ನು ಮುಗಿಸಿ ಉತ್ತರಿಸಬಹುದು. ತೂಕಡಿಕೆ ಬರುತ್ತಿದ್ದರೆ ಬರೆಯಲೇಬಾರದು, ಅರೆನಿದ್ದೆಯ ಕೈಗೆ ಸಂಕಲ್ಪವಿರುವುದಿಲ್ಲ. ನಡುವೆ ಎದ್ದು ಹೋಗಬೇಕಾದರೆ ಹಾಳೆಯನ್ನು ಮಗುಚಿ ಹಾಕದೆ ಬಟ್ಟೆ ಮುಚ್ಚಿ ಹೋಗಬೇಕು.

ಸಂಕಲ್ಪವೇಕೆ ಇಷ್ಟು ದೊಡ್ಡ ಮಾತು ಎಂಬುದಕ್ಕೆ ತಾಲ್ಮುದ್‌ನ ಗಿತ್ತಿನ್ ಭಾಗದಲ್ಲಿ ಒಳ್ಳೆಯ ಉದಾಹರಣೆಯಿದೆ. ಯೆಹೂದಾ ಎಂಬ ಹೆಸರಿಗೆ ಹೀಬ್ರೂನಲ್ಲಿ ಐದು ಅಕ್ಷರ. ನಾಲ್ಕನೆಯದಾದ ದಾಲೆತ್ ಬಿಟ್ಟುಹೋದರೆ ಉಳಿಯುವ ನಾಲ್ಕು ದೇವರ ನಾಮದ ಅಕ್ಷರಗಳು. ದೇವರ ನಾಮ ಬರಬೇಕಿದ್ದ ಜಾಗದಲ್ಲಿ ಒಬ್ಬ ಯೆಹೂದಾ ಎಂದು ಬರೆಯಹೊರಟು, ಮರೆತು ದಾಲೆತ್ ಬಿಟ್ಟ. ಹಾಳೆಯ ಮೇಲೆ ಈಗ ಬೇಕಾದದ್ದೇ ಇದೆ, ಒಂದು ಗೆರೆಯೂ ತಪ್ಪಿಲ್ಲ. ಇದು ನಾಮವೇ? ಅಕ್ಷರಗಳ ಮೇಲೆ ಲೇಖನಿ ಮತ್ತೆ ಆಡಿಸಿ ಸಂಕಲ್ಪ ಮಾಡಿದರೆ ಆದೀತು ಎಂದು ರಬ್ಬಿ (ಧರ್ಮಗುರು) ಯೆಹೂದಾ ಹೇಳಿದರೆ, ಅಂಥ ನಾಮ ಉತ್ತಮವಲ್ಲ ಎಂದು ಉಳಿದ ಪಂಡಿತರು ಒಪ್ಪಲಿಲ್ಲ. ಸಂಕಲ್ಪವಿಲ್ಲದೆ ಅದು ಹಾಗೆಯೇ ನಡೆಯುತ್ತದೆ ಎಂದು ಮಾತ್ರ ಯಾರೂ ಹೇಳಲಿಲ್ಲ.

ತಪ್ಪಾದಾಗ

ಮೆಜುಜಾ ಮತ್ತು ತೆಫಿಲಿನ್ ಬರೆಯುವವರ ನಿದ್ದೆಗೆಡಿಸುವ ನಿಯಮ ಇದು: ಅಕ್ಷರಗಳನ್ನು ಇರುವ ಕ್ರಮದಲ್ಲೇ ಬರೆಯಬೇಕು. ತೋರಾ ಸುರುಳಿಯಲ್ಲಿ ಬಿಟ್ಟುಹೋದ ಅಕ್ಷರವನ್ನು ಎಷ್ಟು ವರ್ಷದ ಮೇಲಾದರೂ ಸೇರಿಸಬಹುದು. ಮೆಜುಜಾದಲ್ಲಿ ಹತ್ತನೇ ಸಾಲಿಗೆ ಬಂದ ಮೇಲೆ ಮೂರನೇ ಸಾಲಿನ ತಪ್ಪು ತಿದ್ದಿದರೆ ಕ್ರಮ ತಪ್ಪಿತು. ಸರಿಪಡಿಸಬೇಕೆಂದರೆ ತಪ್ಪಿದ ಜಾಗದಿಂದ ಮುಂದಿನದೆಲ್ಲವನ್ನೂ ಹೆರೆದು ತೆಗೆದು ಮತ್ತೆ ಬರೆಯಬೇಕು. ಆದರೆ ದೇವರ ನಾಮವನ್ನು ಅಳಿಸುವುದು ನಿಷಿದ್ಧ. ಹಾಗಾಗಿ ತಪ್ಪಿಗೂ ಅದು ಕಣ್ಣಿಗೆ ಬಿದ್ದದ್ದಕ್ಕೂ ನಡುವೆ ಒಂದು ನಾಮ ಬಂದುಹೋಗಿದ್ದರೆ ದಾರಿ ಮುಚ್ಚಿದಂತೆ, ಹಾಳೆಯನ್ನು ಪಕ್ಕಕ್ಕಿಡಬೇಕು. ಮೆಜುಜಾದ ಮೂರನೇ ಪದವೇ ನಾಮ, ಕೊನೆಯ ವಚನದಲ್ಲೂ ಒಂದಿದೆ. ಆದ್ದರಿಂದ ಅನುಭವಿಗಳು ಪ್ರತಿ ನಾಮಕ್ಕೂ ಮುಂಚೆ ನಿಂತು, ಹಿಂದಿನ ನಾಮದಿಂದ ಇಲ್ಲಿಯವರೆಗೆ ಬರೆದದ್ದನ್ನು ಅಕ್ಷರ ಬಿಡದೆ ಓದಿ ನೋಡುತ್ತಾರೆ. ಸಂಕಲ್ಪ ಹೇಳಲು ನಿಲ್ಲುವ ಜಾಗವೂ ತಪ್ಪು ಹಿಡಿಯುವ ಜಾಗವೂ ಒಂದೇ ಆಗುವುದು ಹೀಗೆ.

ಎಲ್ಲ ದೋಷವೂ ಒಂದೇ ತೂಕದ್ದಲ್ಲ. ಪ್ರತಿ ಅಕ್ಷರದ ಸುತ್ತಲೂ ಖಾಲಿ ತೊಗಲು ಇರಲೇಬೇಕು. ಎರಡು ಅಕ್ಷರಗಳು ಸರಿಯಾದ ರೂಪದಲ್ಲೇ ಇದ್ದು, ನಡುವೆ ಕೂದಲೆಳೆಯಷ್ಟು ಶಾಯಿ ತಾಗಿದ್ದರೆ ಆ ಎಳೆಯನ್ನು ಚೂಪು ಕತ್ತಿಯಿಂದ ಕೆರೆದು ಬಿಡಿಸಬಹುದು. ಇದು ಬರವಣಿಗೆಯಲ್ಲ, ಬೇರ್ಪಡಿಸುವಿಕೆ, ಆದ್ದರಿಂದ ಕ್ರಮದ ಪ್ರಶ್ನೆಯೂ ಬರುವುದಿಲ್ಲ. ಹನಿ ಬಿದ್ದು ಅಕ್ಷರದ ರೂಪವೇ ಅಳಿದಿದ್ದರೆ ಮಾತು ಬೇರೆ. ಸುತ್ತಲಿನ ಶಾಯಿ ಕೆರೆದು ಅಕ್ಷರವನ್ನು ಕೆತ್ತಿ ತೆಗೆಯುವಂತಿಲ್ಲ, ಅಕ್ಷರ ಹುಟ್ಟಬೇಕಾದದ್ದು ಶಾಯಿಯಿಂದ, ಕೆರೆತದಿಂದಲ್ಲ. ಹೇ ಎಂಬ ಅಕ್ಷರದ ಎಡಗಾಲು ಮೇಲಿನ ಚಾವಣಿಗೆ ತಾಗಬಾರದು. ತಾಗಿಬಿಟ್ಟರೆ ನಡುವೆ ಕೆರೆದು ಬಿಡಿಸಿದರೆ ಸಾಲದು, ಕಾಲನ್ನು ಪೂರ್ತಿ ತೆಗೆದು ಹೊಸದಾಗಿ ಬರೆಯಬೇಕು. ಅಷ್ಟರಲ್ಲಿ ಮುಂದಿನ ಅಕ್ಷರ ಬರೆದಾಗಿದ್ದರೆ ಮೊದಲಿನ ನಿಯಮವೇ ಬಂದು ಕುತ್ತಿಗೆ ಹಿಡಿಯುತ್ತದೆ.

ದಾಲೆತ್ ಮತ್ತು ರೇಶ್ ಹೆಚ್ಚು ಕಾಡುವ ಜೋಡಿ. ದಾಲೆತ್‌ನ ಬಲ ಮೂಲೆ ಹಿಂದಕ್ಕೆ ಚಾಚಿ ಕೋನವಾಗಿರಬೇಕು, ರೇಶ್‌ನದು ದುಂಡಗೆ ಇಳಿಯಬೇಕು. ಮೊದಲ ಸಾಲಿನಲ್ಲಿ ದೇವರು ‘ಒಬ್ಬನೇ’ ಎನ್ನುವ ಪದದ ಕೊನೆಯ ದಾಲೆತ್ ದುಂಡಗಾದರೆ ಅದು ‘ಬೇರೊಬ್ಬ’ ಎಂದಾಗಿಬಿಡುತ್ತದೆ. ತೋರಾ ಸುರುಳಿಯಲ್ಲಿ ಆ ದಾಲೆತ್ ಅನ್ನು ದೊಡ್ಡದಾಗಿ ಬರೆಯುವುದು ಅದಕ್ಕೇ, ಮೆಜುಜಾದಲ್ಲೂ ಬಹಳಷ್ಟು ಮಂದಿ ಹಾಗೇ ಬರೆಯುತ್ತಾರೆ. ರೂಪದ ಬಗ್ಗೆ ಸಂಶಯ ಬಂದರೆ ಮಗುವಿನ ಪರೀಕ್ಷೆ ಇದೆ. ಅಕ್ಷರ ಗೊತ್ತಿರುವ, ತೀರಾ ಚುರುಕೂ ಅಲ್ಲದ ತೀರಾ ಮಂಕೂ ಅಲ್ಲದ ಮಗುವಿಗೆ ಆ ಅಕ್ಷರ ತೋರಿಸಿ ಏನೆಂದು ಕೇಳುತ್ತಾರೆ. ಅಕ್ಕಪಕ್ಕದ ಅಕ್ಷರಗಳನ್ನು ಮುಚ್ಚಿ ತೋರಿಸುವ ರೂಢಿಯೂ ಇದೆ. ಚುರುಕು ಮಗು ಅರ್ಥದಿಂದ ಊಹಿಸಿಬಿಡುತ್ತದೆ, ಇಲ್ಲಿ ಬೇಕಾದದ್ದು ಕಣ್ಣಿನ ಸಾಕ್ಷಿ.

ಏಳು ಅಕ್ಷರಗಳ ತಲೆಯ ಮೇಲೆ ಮೂರು ಮೂರು ಸಣ್ಣ ಕಿರೀಟಗೆರೆ, ಇನ್ನು ಕೆಲವಕ್ಕೆ ಒಂದೊಂದು. ಇವನ್ನು ಕೊನೆಯಲ್ಲಿ ಸೇರಿಸಿದರೂ ನಡೆಯುತ್ತದೆ.

ಬರೆದು ಮುಗಿದ ಮೇಲೆ ಹಾಳೆಯ ಹಿಂಬದಿಯಲ್ಲಿ ಶದ್ದಾಯ್ ಎಂಬ ನಾಮ ಬರೆಯುತ್ತಾರೆ. ಅಶ್ಕೆನಾಜಿಗಳು ಕೆಳಗಡೆ, ತಲೆಕೆಳಗಾಗಿ, ಮುಂಬದಿಯ ಮೊದಲ ಸಾಲಿನ ಮೂರು ನಾಮಗಳ ಪ್ರತಿ ಅಕ್ಷರಕ್ಕೂ ವರ್ಣಮಾಲೆಯ ಮುಂದಿನ ಅಕ್ಷರವನ್ನು ಹಾಕಿ ಇನ್ನೊಂದು ಸಾಲು ಬರೆಯುತ್ತಾರೆ. ಒಳಗೆ ಮಾತ್ರ ಒಂದಕ್ಷರವೂ ಹೆಚ್ಚು ಬರಬಾರದು. ರಕ್ಷೆಯಾಗಲಿ ಎಂದು ಒಳಗೆ ದೇವದೂತರ ಹೆಸರು, ಮುದ್ರೆ ಬರೆಯುವವರನ್ನು ಮೈಮೊನಿಡೀಸ್ ಬಹಳ ಕಟುವಾಗಿ ಖಂಡಿಸಿದ್ದಾನೆ: ದೇವರ ಏಕತೆಯನ್ನು ಸಾರುವ ಆಜ್ಞೆಯನ್ನು ಇವರು ತಮ್ಮ ಸ್ವಂತ ಲಾಭದ ತಾಯಿತ ಮಾಡಿಕೊಂಡರು ಎಂದು. ಅದೂ ಸಂಕಲ್ಪದ ಕುರಿತ ಮಾತೇ.

ತೆಫಿಲಿನ್ ಬಗ್ಗೆ ಚುಟುಕಾಗಿ

ತೋಳು ಮತ್ತು ತಲೆಗೆ ಕಟ್ಟುವ ಈ ಕಪ್ಪು ಪೆಟ್ಟಿಗೆಗಳೊಳಗೂ ಇಂಥದ್ದೇ ಬರಹ, ಆದರೆ ನಾಲ್ಕು ಭಾಗ. ತೋಳಿನದರಲ್ಲಿ ನಾಲ್ಕೂ ಒಂದೇ ಹಾಳೆಯಲ್ಲಿ, ತಲೆಯದರಲ್ಲಿ ನಾಲ್ಕು ಗೂಡುಗಳಲ್ಲಿ ನಾಲ್ಕು ಹಾಳೆ. ಪೆಟ್ಟಿಗೆಯ ತಳವೂ ಹೊಲಿಗೆಯೂ ಕರಾರುವಾಕ್ಕಾಗಿ ಚೌಕವಿರಬೇಕು. ಹೊಲಿಗೆ 12, ಅದರ ದಾರ ಶುದ್ಧ ಪ್ರಾಣಿಯ ಸ್ನಾಯುವನ್ನು ಒಣಗಿಸಿ, ಜಜ್ಜಿ, ಎಳೆ ಬಿಡಿಸಿ, ಸಂಕಲ್ಪ ಹೇಳಿ ಹೊಸೆದದ್ದು. ಪಟ್ಟಿಗೆ ಕಪ್ಪು ಬಣ್ಣ ಬಳಿಯುವುದೂ ಸಂಕಲ್ಪದಿಂದಲೇ ಆಗಬೇಕು. ಬಳಕೆಯಲ್ಲಿ ಮೊದಲು ಕೆಡುವುದು ಪೆಟ್ಟಿಗೆಯ ಮೂಲೆ ಮತ್ತು ಗಂಟಿನ ಹತ್ತಿರದ ಪಟ್ಟಿಯ ಬಣ್ಣ.

ಮನೆಯಲ್ಲೇ ಕಟ್ಟುವ ತ್ಸಿತ್ಸಿತ್

ಸೋಫೆರ್ ಇಲ್ಲದೆ ಯೆಹೂದಿ ಕುಟುಂಬಗಳು ತಾವೇ ಮಾಡಿಕೊಳ್ಳುವ ವಸ್ತು ಇದು, ನಾಲ್ಕು ಮೂಲೆಯ ಬಟ್ಟೆಗೆ ಕಟ್ಟುವ ಕುಚ್ಚು. ದಾರ ನೂಲುವಾಗಲೇ “ತ್ಸಿತ್ಸಿತ್‌ಗಾಗಿ” ಎಂದು ಹೇಳಿ ನೂತಿರಬೇಕು, ಆದ್ದರಿಂದ ಹೊಲಿಗೆ ಅಂಗಡಿಯ ಉಣ್ಣೆದಾರ ಆಗದು.

1. ಮೂಲೆಯ ತೂತು ಎರಡೂ ಅಂಚಿನಿಂದ ಮೂರು ಹೆಬ್ಬೆರಳ ಅಗಲದೊಳಗೆ ಇರಬೇಕು, ಹೆಬ್ಬೆರಳ ತುದಿಗೆಣ್ಣಿನಷ್ಟಾದರೂ ಒಳಗಿರಬೇಕು. ಅಂದರೆ ಸುಮಾರು 4ರಿಂದ 6 ಸೆಂ.ಮೀ.

2. ಮೂಲೆಯೊಂದಕ್ಕೆ ನಾಲ್ಕು ದಾರ, ಮೂರು ಸಮ, ಒಂದು ಉದ್ದ. ಸುತ್ತುವುದು ಉದ್ದದ್ದರಿಂದ. ನಾಲ್ಕನ್ನೂ ತೂತಿನಲ್ಲಿ ಪೋಣಿಸಿ ಮಡಿಸಿದರೆ ಎಂಟು ತುದಿ.

3. ಆಜ್ಞೆಗಾಗಿ ಎಂದು ಹೇಳಿ, ನಾಲ್ಕು ತುದಿ ಒಂದು ಕೈಯಲ್ಲಿ ನಾಲ್ಕು ಇನ್ನೊಂದರಲ್ಲಿ ಹಿಡಿದು ಜೋಡಿಗಂಟು ಹಾಕಬೇಕು. ಅಶ್ಕೆನಾಜಿ ರೂಢಿಯಲ್ಲಿ ಮುಂದೆ 7 ಸುತ್ತು, ಗಂಟು, 8 ಸುತ್ತು, ಗಂಟು, 11 ಸುತ್ತು, ಗಂಟು, 13 ಸುತ್ತು, ಗಂಟು. ಒಟ್ಟು ಐದು ಜೋಡಿಗಂಟು, 39 ಸುತ್ತು.

4. ಸುತ್ತಿದ ಭಾಗ ಮೂರನೇ ಒಂದು, ಇಳಿಬಿದ್ದ ಭಾಗ ಮೂರನೇ ಎರಡು ಇದ್ದರೆ ಅಂದ.

ಇಲ್ಲಿ ಕೆಡುವುದು ಕೆಲಸದ ಹಿಂದುಮುಂದಿನಲ್ಲಿ. ಒಂದೇ ಉದ್ದ ದಾರವನ್ನು ನಾಲ್ಕು ಸಲ ಪೋಣಿಸಿ, ಗಂಟು ಹಾಕಿದ ಮೇಲೆ ಕುಣಿಕೆಗಳನ್ನು ಕತ್ತರಿಸಿ ಎಂಟು ತುದಿ ಮಾಡಿದರೆ ಅನರ್ಹ. ಕಟ್ಟುವ ಗಳಿಗೆಯಲ್ಲೇ ಅದು ತ್ಸಿತ್ಸಿತ್ ಆಗಿ ರೂಪುಗೊಳ್ಳಬೇಕು, ಆಗಲೇ ಕಟ್ಟಿದ್ದನ್ನು ಆಮೇಲೆ ಕತ್ತರಿಸಿ ಅರ್ಹವಾಗಿಸುವಂತಿಲ್ಲ.

ಕೊಳ್ಳುವಾಗ ಕೇಳಬೇಕಾದ್ದು

ಮೆಜುಜಾ ಕೊಳ್ಳುವವರು ಡಬ್ಬಿಗೆ ಹಣ ಸುರಿದು ಹಾಳೆಯಲ್ಲಿ ಚೌಕಾಸಿ ಮಾಡುವುದು ಎಲ್ಲ ಕಡೆ ಕಾಣುವ ತಪ್ಪು. ಡಬ್ಬಿ ಮರದ್ದಾಗಲಿ ಬೆಳ್ಳಿಯದಾಗಲಿ ಕಾನೂನಿಗೆ ಲೆಕ್ಕವಿಲ್ಲ. ಹಾಳೆಯನ್ನು ಸುತ್ತುವ ಮೊದಲು ನೋಡಲು ಕೇಳಿ. ಓರೆ ಬೆಳಕಿನಲ್ಲಿ ಒತ್ತುಗೆರೆಗಳು ಕಾಣಬೇಕು. ಒಂದೇ ಅಕ್ಷರ ಎರಡು ಕಡೆ ಬಂದಾಗ ಕೂದಲಷ್ಟಾದರೂ ವ್ಯತ್ಯಾಸ ಇರಬೇಕು, ಅಚ್ಚೊತ್ತಿದಂತೆ ತದ್ರೂಪವಾಗಿದ್ದರೆ ಅದು ಅಚ್ಚೊತ್ತಿದ್ದೇ, ಕಾಗದದ ಮೇಲಿದ್ದರಂತೂ ಪ್ರಶ್ನೆಯೇ ಇಲ್ಲ. ಬರೆದವನಲ್ಲದೆ ಇನ್ನೊಬ್ಬ ಪರಿಣತ ಅದನ್ನು ಓದಿದ್ದಾನೆಯೇ, ಕಂಪ್ಯೂಟರ್ ತಪಾಸಣೆ ಆಗಿದೆಯೇ ಎಂದು ಕೇಳಬೇಕು. ಎರಡೂ ಬೇಕು: ಬಿಟ್ಟುಹೋದ ಅಥವಾ ಎರಡು ಸಲ ಬಂದ ಅಕ್ಷರವನ್ನು ಯಂತ್ರ ತಪ್ಪದೆ ಹಿಡಿಯುತ್ತದೆ, ಬಿರುಕು, ಕೆರೆದು ಮಾಡಿದ ಅಕ್ಷರ, ಕ್ರಮ ತಪ್ಪಿದ ತಿದ್ದುಪಡಿಯ ಸುಳಿವುಗಳನ್ನು ಪಳಗಿದ ಕಣ್ಣು ಹಿಡಿಯುತ್ತದೆ.

ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು ಬರೆದವರು ಯಾರು ಎಂದು. ಗಿತ್ತಿನ್‌ನಲ್ಲೇ ಬರುವ ಪ್ರಸಂಗ: ಒಬ್ಬ ಲಿಪಿಕಾರ ರಬ್ಬಿ ಅಮ್ಮಿಯ ಬಳಿ ಬಂದು, ಇಂಥವನಿಗೆ ಬರೆದುಕೊಟ್ಟ ತೋರಾದಲ್ಲಿ ನಾಮಗಳನ್ನು ಸಂಕಲ್ಪವಿಲ್ಲದೆ ಬರೆದೆ ಎಂದ. ಸುರುಳಿ ಆಗಲೇ ಕೊಂಡವನ ಕೈಯಲ್ಲಿತ್ತು. ನಿನ್ನ ಮಾತು ನಂಬಿ ನಿನ್ನ ಕೂಲಿ ಹೋಗುತ್ತದೆ, ಅದನ್ನು ನಂಬಿ ಸುರುಳಿಯನ್ನು ಅನರ್ಹ ಮಾಡಲಾಗದು ಎಂದ ರಬ್ಬಿ. ಪೂರ್ತಿ ಕೂಲಿ ಏಕೆ ಹೋಗಬೇಕು, ನಾಮಗಳದ್ದಷ್ಟೇ ಹೋದರೆ ಸಾಲದೇ ಎಂದು ಇನ್ನೊಬ್ಬ ಪಂಡಿತ ಕೇಳಿದಾಗ, ನಾಮಗಳಿಗೆ ಸಂಕಲ್ಪವಿಲ್ಲದ ಸುರುಳಿಗೆ ಬೆಲೆಯೇ ಇಲ್ಲ ಎಂಬ ಉತ್ತರ ಬಂತು. ತಾನು ಒಳಗೆ ಏನು ಬಿಟ್ಟೆ ಎಂಬುದು ಬರೆದವನಿಗೆ ಮಾತ್ರ ಗೊತ್ತು. ಹಾಳೆಯ ಗುಣಕ್ಕಿಂತ ಮೊದಲು ಮನುಷ್ಯನ ಗುಣ ವಿಚಾರಿಸುವುದು ಈ ಕಾರಣಕ್ಕೆ. ಹೆಸರಿಲ್ಲದ, ಬಹಳ ಅಗ್ಗದ ಹಾಳೆಯನ್ನು ಬಿಟ್ಟುಬಿಡುವುದೇ ಲೇಸು.

ಬಡಿಯುವುದು, ಕಾಪಾಡುವುದು

ಹಾಳೆಯನ್ನು ಎಡದಿಂದ ಬಲಕ್ಕೆ, ಸಾಲಿನ ಕೊನೆಯಿಂದ ಮೊದಲಿನ ಕಡೆಗೆ ಸುತ್ತಬೇಕು. ಮಡಿಸಿದರೆ ಮಡಿಕೆಯಲ್ಲಿ ಅಕ್ಷರ ಬಿರಿಯುತ್ತದೆ. ಬಿಗಿಯಾಗಿ ಸುತ್ತಿ ಚಿಕ್ಕ ಡಬ್ಬಿಗೆ ತುರುಕಿದರೂ ಹಾಗೇ. ಒಳಗೆ ಹೋಗುವವರ ಬಲಕ್ಕೆ, ಬಾಗಿಲಿನ ಎತ್ತರದ ಮೇಲಿನ ಮೂರನೇ ಒಂದು ಭಾಗದ ಬುಡದಲ್ಲಿ, ಹೊರ ಅಂಚಿನಿಂದ ಒಂದು ಹಿಡಿ, ಅಂದರೆ ಸುಮಾರು 8 ಸೆಂ.ಮೀ. ಮೀರದ ಹಾಗೆ ಬಡಿಯುತ್ತಾರೆ. ಸೆಫಾರ್ದಿಗಳು ನೇರವಾಗಿ ನಿಲ್ಲಿಸುತ್ತಾರೆ. ಅಶ್ಕೆನಾಜಿಗಳು ಮೇಲ್ತುದಿಯನ್ನು ಒಳಗಿನ ಕಡೆಗೆ ಓರೆ ಮಾಡುತ್ತಾರೆ, ನಿಲ್ಲಿಸಬೇಕೆಂದ ರಾಶಿ ಎಂಬ ಪಂಡಿತ ಮತ್ತು ಮಲಗಿಸಬೇಕೆಂದ ಅವನ ಮೊಮ್ಮಗ ರಬ್ಬೇನು ತಾಮ್ ಇಬ್ಬರ ಮಾತನ್ನೂ ಹೀಗೆ ಉಳಿಸಿಕೊಂಡರು. ಆಶೀರ್ವಚನ ಹೇಳಿ, ಮೇಲೂ ಕೆಳಗೂ ಮೊಳೆ ಅಥವಾ ಗಟ್ಟಿ ಅಂಟು ಹಾಕಬೇಕು. ನೇತುಬಿಟ್ಟರೆ ಆಜ್ಞೆ ನಡೆದಂತಲ್ಲ. ಬಚ್ಚಲು, ಶೌಚಾಲಯಕ್ಕೆ ಹಾಕುವುದಿಲ್ಲ.

ಬಿಸಿಲು, ಮಳೆ, ಒದ್ದೆಗೋಡೆ ಮೂರೂ ಇದರ ಶತ್ರುಗಳು. ಹೊರಬಾಗಿಲಿನದನ್ನು ತೆಳು ಪ್ಲಾಸ್ಟಿಕ್‌ನಲ್ಲಿ ಸುತ್ತಿಡುವುದು ಒಳ್ಳೆಯದು. ಮನೆಯ ಮೆಜುಜಾವನ್ನು ಏಳು ವರ್ಷಕ್ಕೆ ಎರಡು ಸಲ ತೆಗೆಸಿ ಪರೀಕ್ಷಿಸಬೇಕು, ಸಾರ್ವಜನಿಕ ಕಟ್ಟಡದ್ದನ್ನು ಐವತ್ತು ವರ್ಷಕ್ಕೆ ಎರಡು ಸಲ.

ಅನರ್ಹವಾದ ಹಾಳೆಯನ್ನು ಬಿಸಾಡುವುದಿಲ್ಲ, ಸುಡುವುದಿಲ್ಲ. ಗೆನಿಜಾ ಎಂಬ ಕೋಣೆಯಲ್ಲಿ ಕೂಡಿಟ್ಟು ಹೂಳುತ್ತಾರೆ. ಕೈರೋದ ಬೆನ್ ಎಜ್ರಾ ಸಿನಗಾಗ್‌ನಲ್ಲಿ ಹೂಳದೆ ಶತಮಾನಗಟ್ಟಲೆ ಉಳಿದುಹೋದ ಅಂಥ ರಾಶಿಯಲ್ಲಿ ಹೀಬ್ರೂ ಲಿಪಿಯ ವ್ಯಾಪಾರದ ಕಾಗದಗಳೂ ಇದ್ದವು. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ಬಾಳಿದ, ಕಂಚಿನ ಕಾರ್ಖಾನೆ ನಡೆಸಿದ ವರ್ತಕ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ಸಿಕ್ಕಿದ್ದು ಅಲ್ಲೇ. ಏಡನ್‌ನ ಗೆಳೆಯರು ಅವನಿಗೆ ಬರೆಯುವ ಕಾಗದವನ್ನೂ ಹಡಗಿನಲ್ಲಿ ಕಳಿಸುತ್ತಿದ್ದರು. ಬರಹವನ್ನು ಬಿಸಾಡಬಾರದು ಎಂಬ ಈ ರೂಢಿ ಇರದಿದ್ದರೆ ಕರಾವಳಿಯ ಆ ಕಾಲದ ಚರಿತ್ರೆಯ ದೊಡ್ಡ ತುಂಡೊಂದು ನಮಗೆ ದಕ್ಕುತ್ತಿರಲಿಲ್ಲ.

ಯೆಹೂದಿ ಮನೆಯಲ್ಲಿ ಕೆಲಸ ಮಾಡುವವರಿಗೆ ಕೊನೆಯದಾಗಿ ಕೆಲವು ಮಾತು. ಗೋಡೆಗೆ ಬಣ್ಣ ಹೊಡೆಸುವಾಗ ಡಬ್ಬಿಯ ಮೇಲೆ ಬಳಿಯದೆ ಮನೆಯವರಿಂದ ಬಿಚ್ಚಿಸಿ. ಒದ್ದೆ ಬಟ್ಟೆಯಿಂದ ಡಬ್ಬಿ ಒರೆಸಿದರೆ ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಒಣ ಬಟ್ಟೆ ಸಾಕು. ಬಿದ್ದುಹೋದರೆ ಹಾಳೆಯನ್ನು ಬಿಚ್ಚದೆ, ಮತ್ತೆ ನೀವೇ ಬಡಿಯದೆ, ಎತ್ತರದ ಒಣ ಜಾಗದಲ್ಲಿ ಡಬ್ಬಿ ಸಮೇತ ಇಟ್ಟು ತಿಳಿಸಿ. ಬಿದ್ದ ರಭಸಕ್ಕೆ ಅಕ್ಷರವೇನಾದರೂ ಬಿರಿದಿದೆಯೇ ಎಂದು ಅವರು ಸೋಫೆರ್‌ಗೆ ತೋರಿಸಿ, ಆಮೇಲೆ ಬಾಗಿಲಿಗೆ ಮರಳಿ ಹಾಕುತ್ತಾರೆ.